ಮೂರನೇ ತೂಬಿನ ಟಿಕ್

ಎಲ್ಲದಕ್ಕೂ ಕಾರಣ ಒಂದು ವಾಕ್ಯ. ಅದನ್ನು ಬರೆದವನು ಗುಮಾಸ್ತನೇ.

ವರ್ಷದ ಹಿಂದೆ ಸಮುದ್ರದ ಏರಿಯ ಕಚೇರಿಯ ಕಿಟಕಿಯ ಕೆಳಗೆ ಕಾರುಗಳು ಜಲ್ಲಿ ಸಿಡಿಸುತ್ತ, ಹಾರ್ನ್ ಹೊಡೆಯುತ್ತ ಓಡಾಡುತ್ತಿದ್ದವು. ಊಟವಾದ ಮೇಲೆ ಗುಮಾಸ್ತ ತೆಗೆಯುವ ಹತ್ತು ನಿಮಿಷದ ನಿದ್ದೆಗೆ ಅದರಿಂದ ಭಂಗ ಬರುತ್ತಿತ್ತು. ಸರ್ಕಾರಿ ಕಾಗದದಲ್ಲಿ ನಿದ್ದೆಯ ಮಾತು ಬರೆಯುವಂತಿಲ್ಲ. ಅವನು ಪರಿಸರದ ಮಾತು ಬರೆದ: “ಒಂದು ಬದಿ ಸಮುದ್ರ, ಇನ್ನೊಂದು ಬದಿ ಜೌಗು, ನಡುವೆ ಹನ್ನೊಂದು ಕಿಲೋಮೀಟರ್ ಜಲ್ಲಿ ಹಾದಿ. ಈ ಏರಿಯ ಮೇಲೆ ಕಾರುಗಳನ್ನು ನಿಷೇಧಿಸಿದಲ್ಲಿ ಸಾರ್ವಜನಿಕರು ಸೈಕಲ್ಲುಗಳ ಮೇಲೆ ತಂಡೋಪತಂಡವಾಗಿ ಬರುವರು.”

ಅವನ ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಲಿನವರು ಅವನ ಒಂದು ಟಿಪ್ಪಣಿಯನ್ನೂ ಓದಿರಲಿಲ್ಲ. ಆ ಧೈರ್ಯದಿಂದಲೇ ‘ತಂಡೋಪತಂಡ’ ಎಂದು ಬರೆದಿದ್ದ. ಇದನ್ನು ಓದಿದರು. ಒಪ್ಪಿಯೂ ಬಿಟ್ಟರು. ಏರಿಯ ಎರಡು ತುದಿಗೂ ಕಲ್ಲಿನ ಕಂಬ ನೆಟ್ಟರು, ನಡುವೆ ಕಬ್ಬಿಣದ ಅಡ್ಡಗಂಬಿ ಹಾಕಿ ಬೀಗ ಜಡಿದರು. ಅವನನ್ನೇ ‘ಹಾದಿಯ ಗುಮಾಸ್ತ’ ಎಂದು ಮಾಡಿದರು. ಊರಿನವರು ಅದನ್ನು ಒಂದೇ ವಾರದಲ್ಲಿ ‘ಜಲ್ಲಿ ಗುಮಾಸ್ತ’ ಎಂದು ಮಾಡಿದರು.

ಕಾರು ನಿಂತವು, ನಿದ್ದೆ ಬಂತು. ಸೈಕಲ್ಲು ಮಾತ್ರ ಬರಲಿಲ್ಲ. ದಿನವೂ ಬರುತ್ತಿದ್ದವರು ಒಬ್ಬರೇ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು; ಉಳಿದಂತೆ ಆಗೊಬ್ಬ, ಈಗೊಬ್ಬ. ತಂಡೋಪತಂಡವಾಗಿ ಬಂದದ್ದೇನಾದರೂ ಇದ್ದರೆ ಅದು ಬಾತುಕೋಳಿ.

ವರ್ಷ ಮುಗಿಯುತ್ತ ಬಂದಾಗ ಮೇಲಿನಿಂದ ಕಾಗದ ಬಂತು. ಕೊನೆಯ ಒಂದು ತಿಂಗಳಲ್ಲಿ ಹಾದಿಯ ನಡುವಿನ ಮೂರನೇ ತೂಬಿನ ಬಳಿ ಕನಿಷ್ಠ ಮುನ್ನೂರು ಸಲ ಸೈಕಲ್ ದಾಟಿರಬೇಕು. ಇಲ್ಲವಾದರೆ ನಿಷೇಧ ರದ್ದು, ಹಾದಿ ಮತ್ತೆ ಕಾರಿಗೆ, ಗುಮಾಸ್ತ ಚರಂಡಿ ವಿಭಾಗಕ್ಕೆ. ಚರಂಡಿ ವಿಭಾಗ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ಕಿಟಕಿ ಇರಲಿಲ್ಲ, ಆದರೆ ಗಾಳಿ ಧಾರಾಳವಾಗಿ ಬರುತ್ತಿತ್ತು, ಚರಂಡಿಯ ಕಡೆಯಿಂದ.

ಎಣಿಸಲು ಒಂದು ಪೆಟ್ಟಿಗೆಯನ್ನೂ ಕಳಿಸಿದ್ದರು. ಅದು ಮೊದಲು ಯಾವುದೋ ಹೆದ್ದಾರಿಯಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಯಂತ್ರ. ಹಾದಿಗೆ ಅಡ್ಡಲಾಗಿ ಒಂದು ರಬ್ಬರ್ ಕೊಳವೆ ಹಾಸಬೇಕು. ಸೈಕಲ್ಲಿನ ಎರಡೂ ಚಕ್ರ ಅದನ್ನು ತುಳಿದು ದಾಟಿದರೆ ಪೆಟ್ಟಿಗೆಯೊಳಗೆ ಟಿಕ್ ಎಂದು ಒಂದು ಸೇರುತ್ತದೆ. ಜೊತೆಗಿದ್ದ ಸೂಚನೆಯ ಪುಸ್ತಕ ಉಪ್ಪುಗಾಳಿಗೆ ಒದ್ದೆಯಾಗಿ, ಹಾಳೆಗಳೆಲ್ಲ ಅಂಟಿಕೊಂಡು ಒಂದು ಹಲಗೆಯಾಗಿತ್ತು. ಪೆಟ್ಟಿಗೆಯೊಳಗೆ ತಿರುಗಿಸುವ ಒಂದು ಗುಂಡಿ, ಸುತ್ತ ಒಂದರಿಂದ ನಾಲ್ಕರವರೆಗೆ ಅಂಕೆ. ಎಂಜಿನಿಯರ್ ಸಾಹೇಬರೇ ತಲೆ ಕೆರೆದುಕೊಂಡಾಗ ಗುಮಾಸ್ತ ಮುಂದೆ ಬಂದು, “ಸೈಕಲ್ಲಿಗೆ ಚಕ್ರ ಎಷ್ಟು ಸಾರ್? ಎರಡು” ಎಂದು ಎರಡಕ್ಕೆ ತಿರುಗಿಸಿದ್ದ. ಸಾಹೇಬರು ಬೆನ್ನು ತಟ್ಟಿದ್ದರು. ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ತಪಾಸಣಾಧಿಕಾರಿಗೆ ಕಳಿಸಿಕೊಟ್ಟಿದ್ದರು.

ಒಳಗೆ ಎಷ್ಟಾಗಿದೆ ಎಂದು ನೋಡುವಂತಿರಲಿಲ್ಲ. ಮೂರನೇ ತೂಬನ್ನು ಕಾಯುವ ತೂಬಿನಜ್ಜ, ಸೈಕಲ್ಲು ದಾಟಿದಾಗಲೆಲ್ಲ ತೂಬಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಕೊನೆಯ ದಿನ ಬೆಳಿಗ್ಗೆ ಏಳಕ್ಕೆ ಅವನು ಫೋನ್ ಮಾಡಿದ.

“ತಮ್ಮಾ, ನೂರ ಎಪ್ಪತ್ತೊಂದು.”

“ಸರಿಯಾಗಿ ನೋಡಜ್ಜ.”

“ಸರಿಯಾಗಿ ನೋಡಿದ್ರೆ ನೂರ ಎಪ್ಪತ್ತು. ಒಂದು ಬಿರುಕು.”

ಸಂಜೆ ಐದಕ್ಕೆ ತಪಾಸಣಾಧಿಕಾರಿ ಕೀಲಿಯೊಂದಿಗೆ ಬರುವವರಿದ್ದರು. ನೂರ ಮೂವತ್ತು ಸಲ ಯಾರಾದರೂ ದಾಟಬೇಕು. ಆ ‘ಯಾರಾದರೂ’ ಯಾರು ಎಂದು ಗುಮಾಸ್ತ ಯೋಚಿಸುತ್ತ ಕನ್ನಡಿ ನೋಡಿಕೊಂಡ. ಕನ್ನಡಿಯಲ್ಲಿ ಒಬ್ಬನೇ ಇದ್ದ. ಅವನಿಗೂ ಸೈಕಲ್ ಹೊಡೆದು ಇಪ್ಪತ್ತೆರಡು ವರ್ಷವಾಗಿತ್ತು.

“ಇರಲಾರದೆ ಇರುವೆ ಬಿಟ್ಕೊಂಡ್ರಿ” ಎಂದಳು ಹೆಂಡತಿ. “ಕಿಟಕಿ ಮುಚ್ಕೊಂಡು ಮಲಗಿದ್ರೆ ಆಗ್ತಿತ್ತು.”

“ನಿನ್ನ ತಮ್ಮನ ಸೈಕಲ್ ಇದೆಯಲ್ಲ...”

“ಅದಕ್ಕೊಂದು ಗೀರು ಬಿದ್ರೆ ಅವನು ನನ್ನ ಜೊತೆ ಮಾತು ಬಿಡ್ತಾನೆ. ಆಮೇಲೆ ನಾನು ನಿಮ್ಮ ಜೊತೆ ಬಿಡ್ತೀನಿ.”

ಆ ಎರಡನೆಯದು ಬೆದರಿಕೆಯೋ ಆಮಿಷವೋ ಎಂದು ಯೋಚಿಸುವಷ್ಟು ಸಮಯ ಅವನಿಗಿರಲಿಲ್ಲ.

ಭಾವಮೈದನ ಸೈಕಲ್ಲು ಜಲ್ಲಿ ಹಾದಿಗೆಂದೇ ಮಾಡಿದ್ದು. ದಪ್ಪನೆಯ ಟೈರು, ಟಗರಿನ ಕೊಂಬಿನಂತೆ ಬಾಗಿದ ಹಿಡಿ, ಕೊಡಲಿಯ ಬಾಯಿಯಂಥ ಸೀಟು. ಪೆಡಲ್ಲುಗಳು ಬೂಟಿನ ಅಡಿಯನ್ನು ಕಚ್ಚಿಕೊಳ್ಳುವ ಜಾತಿಯವು. ಬೂಟು ಒಂದು ಅಳತೆ ದೊಡ್ಡದಿತ್ತು. ತುದಿಗೆ ಹಳೇ ಪೇಪರ್ ತುರುಕಿ ಹಾಕಿಕೊಂಡ. ಅಡ್ಡಗಂಬಿಯ ಕೆಳಗೆ ನುಸುಳುವಾಗ ಹಣೆಗೆ ಬಡಿಯಿತು. ಅದನ್ನು ಅಷ್ಟು ತಗ್ಗಿಗೆ ಹಾಕಿಸಿದವನೂ ಅವನೇ.

ಮೂರನೇ ತೂಬು ಆರು ಕಿಲೋಮೀಟರ್ ದೂರ. ಬಲಕ್ಕೆ ಸಮುದ್ರ ಕಲ್ಲುಗಳ ಮೇಲೆ ಬಿದ್ದು ಏಳುತ್ತಿತ್ತು. ಎಡಕ್ಕೆ ಕಣ್ಣು ಹಾಯುವಷ್ಟು ದೂರ ಜೊಂಡು, ನಡುನಡುವೆ ಆಕಾಶದ ಚೂರು ಬಿದ್ದಂತೆ ನೀರು, ಒಂಟಿ ಕಾಲಿನ ಮೇಲೆ ಕೊಕ್ಕರೆಗಳು. ಒಂದು ಇಂಜಿನ್ನಿನ ಸದ್ದಿಲ್ಲ. ಟೈರಿನ ಕೆಳಗೆ ಜಲ್ಲಿ ಹುರಿದ ಕಡಲೆ ಅಗಿದಂತೆ ಸದ್ದು ಮಾಡುತ್ತಿತ್ತು. ತಾನು ಟಿಪ್ಪಣಿಯಲ್ಲಿ ಬರೆದದ್ದೆಲ್ಲ ನಿಜವೇ ಎಂದು ಗುಮಾಸ್ತನಿಗೆ ಮೊದಲ ಸಲ ತಿಳಿಯಿತು. ತಾನು ನಿಜ ಬರೆದಿರಬಹುದೆಂಬ ಸಂಶಯ ಅವನಿಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಎರಡನೇ ಕಿಲೋಮೀಟರಿನಲ್ಲಿ ಗಾಳಿ ಎದ್ದಿತು. ಎದುರು ಗಾಳಿ. ಹೋಗುವಾಗ ಎದುರಾದರೆ ಬರುವಾಗ ಬೆನ್ನಿಗೆ ಸಿಗುತ್ತದೆಂದು ಶಾಲೆಯಲ್ಲಿ ಹೇಳಿದ್ದರು. ಆ ಗಾಳಿ ಶಾಲೆಗೆ ಹೋದಂತೆ ಕಾಣಲಿಲ್ಲ. ನಾಲ್ಕನೇ ಕಿಲೋಮೀಟರಿಗೆ ಸೀಟು ಮತ್ತು ಅವನ ನಡುವೆ ಮನಸ್ತಾಪ ಬಂತು. ತೂಬು ಮುಟ್ಟಿದಾಗ ಒಂಬತ್ತಾಗಿತ್ತು. ಕೊಳವೆ ದಾಟಿದ. ಟಿಕ್ ಎಂದಿತು. ತೂಬಿನಜ್ಜ ಗೆರೆ ಎಳೆದ.

“ಇನ್ನು ನೂರ ಇಪ್ಪತ್ತೊಂಬತ್ತು” ಎಂದ ಅಜ್ಜ, ಸಾಂತ್ವನ ಹೇಳುವವನಂತೆ.

ಇಪ್ಪತ್ತು ಅಡಿ ಹೋಗುವುದು, ತಿರುಗುವುದು, ದಾಟುವುದು. ಮತ್ತೆ ಇಪ್ಪತ್ತು ಅಡಿ, ತಿರುಗುವುದು, ದಾಟುವುದು. ಗಾಣದ ಎತ್ತಿಗೆ ಕಣ್ಣಿಗಾದರೂ ಬಟ್ಟೆ ಕಟ್ಟುತ್ತಾರೆ. ಗುಮಾಸ್ತ ಎಲ್ಲವನ್ನೂ ನೋಡುತ್ತ ತಿರುಗಬೇಕಿತ್ತು. ಹದಿನಾಲ್ಕನೇ ಸಲಕ್ಕೆ ಸಮುದ್ರ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದಾಯಿತು. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರ ಗಂಟೆ ಕೇಳಿಸಿತು. ದಿನವೂ ಸಂಜೆ ಬರುವವರು ಅಂದು ಬೆಳಿಗ್ಗೆಯೇ ಬಂದಿದ್ದರು.

“ಏನ್ರೀ ಗುಮಾಸ್ತರೇ, ಏನಾದ್ರೂ ಕಳ್ಕೊಂಡ್ರಾ?”

“ಇಲ್ಲ ಮೇಷ್ಟ್ರೇ. ಜಲ್ಲಿ ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡ್ತಿದ್ದೆ.”

“ಒಂದೇ ಜಾಗದಲ್ಲಾ?”

“ಮಾನ ಕಳ್ಕೊಂಡಿದ್ದಾನೆ, ಹುಡುಕ್ತಾ ಇದ್ದಾನೆ” ಎಂದ ಅಜ್ಜ. ಆಮೇಲೆ ಪೂರ್ತಿ ಕತೆಯನ್ನೂ ಹೇಳಿಬಿಟ್ಟ.

ಮೇಷ್ಟ್ರು ಸೈಕಲ್ಲಿನಿಂದಿಳಿದು ಕನ್ನಡಕ ಒರೆಸಿಕೊಂಡರು. ಇವರು ಈಗ ನೀತಿ ಹೇಳುತ್ತಾರೆ ಎಂದು ಗುಮಾಸ್ತ ತಲೆ ತಗ್ಗಿಸಿದ. ಆದರೆ ಮೇಷ್ಟ್ರಿಗೆ ನೋವಾದದ್ದು ಬೇರೆ ಕಾರಣಕ್ಕೆ.

“ನೀವು ತಿರುಗೋ ರೀತಿ ನೋಡೋಕಾಗಲ್ಲ ಕಣ್ರೀ. ಅದೇನು ಗೆರೆ ಅದು? ಮುರಿದ ಕಡ್ಡಿ ಹಾಗೆ! ಎಂಟರ ಆಕಾರ ಬರ್ಲಿ. ಕೊಳವೆ ಮೇಲೆ ಸೊಂಟ, ಆ ಕಡೆ ಒಂದು ಸೊನ್ನೆ, ಈ ಕಡೆ ಒಂದು ಸೊನ್ನೆ. ಒಂದು ಎಂಟು ಮುಗಿದ್ರೆ ಎರಡು ಸಲ ದಾಟಿದ ಹಾಗಾಯ್ತು.”

ಮಾತು ಸರಿಯಾಗಿತ್ತು. ಸರಿಯಿಲ್ಲದ್ದು ಏರಿಯ ಅಗಲ. ಆರನೇ ಎಂಟರ ಸೊನ್ನೆ ಏರಿಗಿಂತ ತುಸು ದೊಡ್ಡದಾಯಿತು. ಗುಮಾಸ್ತ ಕಾಲೂರಲು ನೋಡಿದ. ಪೆಡಲು ಬೂಟನ್ನು ಬಿಡಲಿಲ್ಲ. ಒಂದು ಕ್ಷಣ ಅವನು ಏರಿಯ ಅಂಚಿನಲ್ಲಿ ಕೊಕ್ಕರೆಯಂತೆ ನೆಟ್ಟಗೆ ನಿಂತಿದ್ದ. ಮರುಕ್ಷಣ ಸೈಕಲ್ಲು ಸಮೇತ ಜೌಗಿನೊಳಗೆ ಕುಳಿತಿದ್ದ.

“ಅದು ಎಂಟಲ್ಲ, ಆರು” ಎಂದರು ಮೇಲಿನಿಂದ ಮೇಷ್ಟ್ರು.

ಕೆಸರು ಸೊಂಟದವರೆಗೆ ಬಂದಿತ್ತು. ಎಲ್ಲಿಂದಲೋ ನಲವತ್ತು ಬಾತುಕೋಳಿಗಳು ಬಂದು ಅವನ ಸುತ್ತ ಸಭೆ ಸೇರಿದವು. ಅವುಗಳ ಹಿಂದೆಯೇ ಉದ್ದನೆಯ ಬಿದಿರಿನ ಗಳು ಹಿಡಿದು ಬಾತಿನಕ್ಕ ಬಂದಳು. ಜೌಗಿನಂಚಿನ ಮನೆಯಲ್ಲಿ ಒಬ್ಬಳೇ ಇದ್ದು ಬಾತು ಸಾಕುವವಳು. ವಯಸ್ಸು ಮೂವತ್ತು ದಾಟಿರಲಿಲ್ಲ. ಹೋದ ವರ್ಷ ಗಂಡ ತೀರಿಕೊಂಡ ಮೇಲೆ ಅವಳು ಬಾತುಗಳ ಜೊತೆ ಬಿಟ್ಟು ಬೇರೆಯವರ ಜೊತೆ ಮಾತಾಡಿದ್ದನ್ನು ಕೇಳಿದವರಿಲ್ಲ.

“ಗುಮಾಸ್ತಣ್ಣ, ಅಲ್ಲಾಡ್ಬೇಡಿ. ನೀವು ಕೂತಿರೋದು ಅವು ಮೊಟ್ಟೆ ಇಡೋ ಜಾಗ.”

“ನಾನು ಇಟ್ಟಿಲ್ಲ ಅಕ್ಕಾ, ಬರೀ ಕೂತಿದ್ದೀನಿ.”

ಅವಳು ಗಳು ಚಾಚಿದಳು. ಮೇಷ್ಟ್ರು, ಅಜ್ಜ ಎಳೆದರು. ಗುಮಾಸ್ತ ಮೇಲೆ ಬಂದ. ಎಡಗಾಲಿನ ಬೂಟು ಅಲ್ಲೇ ಉಳಿಯಿತು. ಸೈಕಲ್ಲಿನ ಮೇಲೆ ಒಂದಲ್ಲ, ಎಣಿಸಲು ಇನ್ನೊಂದು ಪೆಟ್ಟಿಗೆ ಬೇಕಾಗುವಷ್ಟು ಗೀರುಗಳಾಗಿದ್ದವು. ಅವನ ಹಿಂದೆಯೇ ನಲವತ್ತೂ ಬಾತುಗಳು ಏರಿ ಹತ್ತಿ, ಸಾಲಾಗಿ ಕೊಳವೆ ತುಳಿದು ದಾಟಿದವು.

“ಹತ್ತು ಬಾತಿಗೆ ಒಂದು ಸೈಕಲ್ ಅಂತ ನಾಲ್ಕು ಗೆರೆ ಎಳೀಲಾ?” ಎಂದು ಅಜ್ಜ ಕೇಳಿದ.

“ಬೇಡಜ್ಜ. ಟಿಕ್ ಅನ್ನಲಿಲ್ಲ. ಪ್ರಾಮಾಣಿಕತೆ ಅಂತ ಒಂದಿದೆ” ಎಂದು ಗುಮಾಸ್ತ, ಇಡೀ ಮೈಯಿಂದ ಕೆಸರು ಸುರಿಸುತ್ತ ಹೇಳಿದ.

ಬಾತಿನಕ್ಕನಿಗೂ ಅಜ್ಜ ಕತೆ ಹೇಳಿದ. ಅವಳು ಬಾತುಗಳನ್ನು ನೀರಿಗೆ ಹೊಡೆದು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಆಗತಾನೆ ಒರೆಸಿದ ಗುರುತು ಅದರ ಮೇಲಿತ್ತು. ಸೀಟು ಉದ್ದ ಆಳಿಗೆ ಹೊಂದುವಷ್ಟು ಎತ್ತರಕ್ಕಿತ್ತು.

“ಸೀಟು ಇಳಿಸಿಕೊಡ್ಲಾ ಅಕ್ಕಾ? ಕಾಲು ನೆಲಕ್ಕೆ ಎಟುಕಲ್ಲ” ಎಂದ ಗುಮಾಸ್ತ.

“ಬೇಡ, ಹಾಗೇ ಇರ್ಲಿ. ಓಡಿಸೋಕೆ ಕಷ್ಟ ಇಲ್ಲ. ನಿಲ್ಲಿಸೋದೇ ಕಷ್ಟ.”

ತೂಬಿನ ಕಟ್ಟೆಯ ಮೇಲೆ ಕಾಲಿಟ್ಟು ಹತ್ತಿದಳು. ಟಿಕ್. ತಿರುಗಿ ಬಂದಳು. ಟಿಕ್. ಹತ್ತನೇ ಸಲಕ್ಕೆ ಕತ್ತೆತ್ತಿ ಸಮುದ್ರ ನೋಡುತ್ತ ದಾಟಿದಳು.

ಆಮೇಲಿನದನ್ನು ತಡೆಯಲು ಗುಮಾಸ್ತನಿಂದ ಆಗಲಿಲ್ಲ. ಮೇಷ್ಟ್ರು ಮುಂದೆ ಎಂಟು ಬರೆದರು, ಹಿಂದೆ ಬಾತಿನಕ್ಕ, ಅವಳ ಹಿಂದೆ ಒಂದೇ ಬೂಟಿನ ಗುಮಾಸ್ತ. ಎಪ್ಪತ್ತು ದಾಟಿದ ತೂಬಿನಜ್ಜ ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡು, “ನಂಗೂ ಒಂದ್ಸಲ ಕೊಡ್ರೋ” ಎಂದು ಗಂಟು ಬಿದ್ದ. ಮೂರು ಗಂಟೆಗೆ ಮುನ್ನೂರಾಯಿತು. ಯಾರೂ ನಿಲ್ಲಿಸಲಿಲ್ಲ. ಗುಮಾಸ್ತನಿಗೂ ನಿಲ್ಲಿಸುವ ಮನಸ್ಸಾಗಲಿಲ್ಲ. ಕೊನೆಗೆ ಬಾಗಿಲ ಮೇಲೆ ಜಾಗ ಮುಗಿದಾಗ ಮುನ್ನೂರ ಅರವತ್ತನಾಲ್ಕಾಗಿತ್ತು.

“ಈಗ ಎಲ್ಲರೂ ಕೇಳಿಸ್ಕೊಳ್ಳಿ” ಎಂದರು ಮೇಷ್ಟ್ರು, ತರಗತಿಯಲ್ಲಿ ನಿಂತವರಂತೆ. “ಗುಮಾಸ್ತರು ಸೈಕಲ್ ಮುಟ್ಟಿಲ್ಲ. ಬೆಳಿಗ್ಗೆಯಿಂದ ಇಲ್ಲೇ ಕಟ್ಟೆ ಮೇಲೆ ಕೂತು, ಹಾದಿ ಕಾದಿದ್ದಾರೆ. ಹೋಗಿ ಬಂದೋರು ಸಾರ್ವಜನಿಕರು. ಗೊತ್ತಾಯ್ತಾ?”

ಗುಮಾಸ್ತ ಮುಖ ತೊಳೆದುಕೊಂಡು, ಸೈಕಲ್ಲನ್ನು ಜೊಂಡಿನಲ್ಲಿ ಬಚ್ಚಿಟ್ಟು, ಕಟ್ಟೆಯ ಮೇಲೆ ಹಾದಿ ಕಾದವನಂತೆ ಕುಳಿತ. ಕೂರುವುದೇ ಕಷ್ಟವಾಗಿತ್ತು.

ಐದು ಗಂಟೆಗೆ ಧೂಳೆಬ್ಬಿಸುತ್ತ ತಪಾಸಣಾಧಿಕಾರಿ ಬಂದರು. ಕಾರಿನಲ್ಲಿ. ಕಾರಿಲ್ಲದ ಹಾದಿಯನ್ನು ತಪಾಸಣೆ ಮಾಡಲು ಆರು ಕಿಲೋಮೀಟರ್ ನಡೆಯಲಾಗುತ್ತದೆಯೇ ಎಂದು ಎಂಜಿನಿಯರ್ ಸಾಹೇಬರೇ ಅಡ್ಡಗಂಬಿಯ ಬೀಗ ತೆಗೆಸಿ, ಜೊತೆಗೆ ಕುಳಿತು ಬಂದಿದ್ದರು. ಕಾರು ಕೊಳವೆಗೆ ಮೂರು ಗಜ ಈಚೆಗೆ ನಿಂತಿತು.

ಅಧಿಕಾರಿ ಇಳಿದವರೇ ಕತ್ತಿನ ದಾರದಿಂದ ಕೀಲಿ ತೆಗೆದರು. “ಇವತ್ತು ಕೊನೇ ದಿನ. ಯಂತ್ರದ ಹತ್ತಿರ ಯಾರೂ ಕೈಯಾಡಿಸಿಲ್ಲ ತಾನೆ? ಗುಮಾಸ್ತರು ಎಲ್ಲಿದ್ರು?”

“ಇಲ್ಲೇ ಸ್ವಾಮಿ” ಎಂದ ಅಜ್ಜ. “ಬೆಳಿಗ್ಗೆ ಒಂಬತ್ತರಿಂದ ಕೂತಿರೋನು ಕದಲಿಲ್ಲ.”

“ನಾನೇ ಸಾಕ್ಷಿ” ಎಂದರು ಮೇಷ್ಟ್ರು. “ನೊಣ ದಾಟಿದ್ರೂ ಇವರ ಕಣ್ಣಿಗೆ ಬಿದ್ದಿರುತ್ತೆ.”

ಬಾತಿನಕ್ಕ ಹೌದೆಂದು ತಲೆಯಾಡಿಸಿದಳು. ಗುಮಾಸ್ತ ನಾಚಿಕೊಂಡ. ಅಷ್ಟು ಒಳ್ಳೆಯ ಸುಳ್ಳನ್ನು ಅವನ ಪರವಾಗಿ ಯಾರೂ ಹೇಳಿರಲಿಲ್ಲ.

ಪೆಟ್ಟಿಗೆ ತೆರೆದು ಅಧಿಕಾರಿ ಒಂದು ಗುಂಡಿ ಒತ್ತಿದರು. ಕರ್ ಕರ್ ಎಂದು ಕಾಗದದ ಚೀಟಿ ಹೊರಬಂತು. ಓದುತ್ತಿದ್ದಂತೆ ಅವರ ಹುಬ್ಬು ಕೂದಲಿನವರೆಗೆ ಏರಿತು.

“ಮುನ್ನೂರ ಅರವತ್ತನಾಲ್ಕು!”

ಅಜ್ಜ ಮೀಸೆ ತಿರುವಿದ. ಎಂಜಿನಿಯರ್ ಸಾಹೇಬರು ಕೈ ಕುಲುಕಲು ಮುಂದೆ ಬಂದರು.

“ಮುನ್ನೂರ ಅರವತ್ತನಾಲ್ಕು ಕಾರು” ಎಂದರು ಅಧಿಕಾರಿ.

ಒಂದು ಬಾತು ಮಾತ್ರ ಏನೋ ಅಂದಿತು.

“ಒಂದಂದ್ರೆ ಸೈಕಲ್, ಎರಡಂದ್ರೆ ಕಾರು, ಮೂರು ಬಸ್ಸು, ನಾಲ್ಕು ಲಾರಿ. ಇಲ್ಲಿ ಗುಂಡಿ ಎರಡರಲ್ಲಿದೆ. ಇದನ್ನ ಇಟ್ಟೋರು ಯಾರು?”

“ನಾನೇ ಸಾರ್” ಎಂದ ಗುಮಾಸ್ತ. ಸ್ವರ ಚರಂಡಿ ವಿಭಾಗದಿಂದ ಬಂದಂತಿತ್ತು.

“ಭೇಷ್! ಸೈಕಲ್ ಎಣಿಸು ಅಂತ ನಾವು ಹೇಳಿದ್ರೆ, ಕಳ್ಳ ಕಾರು ಎಣಿಸೋಕೆ ಇಟ್ಟಿದ್ದೀರಿ. ಜಾಣರು. ಆದರೆ ಇಟ್ಟು ಏನು ಬಂತು? ಇವತ್ತು ಒಂದೇ ದಿನ ಒಂಬತ್ತು ಗಂಟೆಯಿಂದ ಈಚೆಗೆ ನೂರ ತೊಂಬತ್ತನಾಲ್ಕು ಕಾರು! ನೊಣ ದಾಟಿದ್ರೂ ಕಾಣುತ್ತೆ ಅಂದ್ರಲ್ಲ? ನಿಮ್ಮ ಕಣ್ಣ ಮುಂದೇನೇ ನೂರ ತೊಂಬತ್ತನಾಲ್ಕು ಕಾರು ಹೋದವು, ನೀವು ಕಟ್ಟೆ ಮೇಲೆ ಕೂತಿದ್ರಿ!”

ಯಂತ್ರಕ್ಕೆ ಕಾರೂ ತಿಳಿಯದು, ಸೈಕಲ್ಲೂ ತಿಳಿಯದು. ತುಳಿದದ್ದನ್ನೆಲ್ಲ ಎಣಿಸುತ್ತದೆ, ಹೇಳಿಕೊಟ್ಟ ಹೆಸರಿನಲ್ಲಿ ಬರೆಯುತ್ತದೆ. ಗುಮಾಸ್ತನಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ; ಇಪ್ಪತ್ತು ವರ್ಷದಿಂದ ತಾನು ಮಾಡುತ್ತಿದ್ದುದೂ ಅದೇ. ‘ಅವು ಕಾರಲ್ಲ ಸಾರ್, ನಾವೇ’ ಎಂದು ನಿಜ ಹೇಳಿದರೆ ಮೋಸಗಾರ. ಸುಮ್ಮನಿದ್ದರೆ ಕೆಲಸಗಳ್ಳ. ಅತ್ತ ದರಿ, ಇತ್ತ ಹುಲಿ ಎನ್ನುತ್ತಾರೆ. ಅವನಿಗೆ ಅತ್ತ ಸಮುದ್ರ, ಇತ್ತ ಜೌಗು, ಮತ್ತು ಜೌಗನ್ನು ಅವನು ಆಗಲೇ ನೋಡಿ ಬಂದಿದ್ದ. ಮೋಸಗಾರರ ಜೊತೆ ಮೇಷ್ಟ್ರೂ ಅಜ್ಜನೂ ಬಾತಿನಕ್ಕನೂ ಇದ್ದರು. ಕೆಲಸಗಳ್ಳ ಒಬ್ಬನೇ. ಅವನು ಸುಮ್ಮನಿದ್ದ.

“ನೋಡಿ ಬೇಕಾದ್ರೆ, ಟೈರಿನ ಗುರುತು ಹಸಿಹಸಿಯಾಗಿದೆ” ಎಂದು ಅಧಿಕಾರಿ ನೆಲದತ್ತ ಬೊಟ್ಟು ಮಾಡಿದರು. ಗುರುತು ಅವರ ಕಾರಿನ ಹಿಂದಿನ ಚಕ್ರದ ಕೆಳಗಿನಿಂದಲೇ ಶುರುವಾಗಿತ್ತು. ಎಲ್ಲರೂ ಅದನ್ನು ಬಗ್ಗಿ ನೋಡಿ, ಹೌದು ಹೌದು ಎಂದರು.

ಅಧಿಕಾರಿ ಅಲ್ಲೇ ಆದೇಶ ಬರೆದರು. ಇಷ್ಟು ಕಾರು ಕದ್ದು ಓಡಾಡಿದರೆ ಪಾಪ ಸೈಕಲ್ಲಿನವರು ಹೇಗೆ ಬಂದಾರು? ನಿಷೇಧ ಇನ್ನೊಂದು ವರ್ಷ ಮುಂದುವರಿಯಬೇಕು. ಗುಮಾಸ್ತರು ದಿನಕ್ಕೆ ಎರಡು ಸಲ ಹನ್ನೊಂದು ಕಿಲೋಮೀಟರೂ ಗಸ್ತು ತಿರುಗಬೇಕು, ಕಾರು ನಿಷೇಧವಿರುವುದರಿಂದ ಸೈಕಲ್ಲಿನ ಮೇಲೆ. ಮುಂದಿನ ತಿಂಗಳ ಚೀಟಿಯಲ್ಲಿ ಸೊನ್ನೆ ಬರಬೇಕು. ಬಾರದಿದ್ದರೆ ಚರಂಡಿ. ಗುಂಡಿಯನ್ನು ಎರಡರಲ್ಲೇ ಬಿಟ್ಟು ಪೆಟ್ಟಿಗೆಗೆ ಬೀಗ ಹಾಕಿ, ಮೇಲೊಂದು ಅರಗಿನ ಮೊಹರನ್ನೂ ಒತ್ತಿ ಹೋದರು.

ಗುಮಾಸ್ತ ಮನೆಗೆ ಬಂದಾಗ ಹೆಂಡತಿ ಸೈಕಲ್ಲನ್ನು ನೋಡಿದಳು, ಅವನ ಕಾಲನ್ನು ನೋಡಿದಳು.

“ಇನ್ನೊಂದು ಬೂಟು ಎಲ್ಲಿ?”

“ಬಾತು ಅದರ ಮೇಲೆ ಕಾವು ಕೂತಿದೆ” ಎಂದ.

ಅವಳು ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆ ರಾತ್ರಿ ಹಲವು ಸಲ ಅನ್ನಿಸಿತು.

ಮರುದಿನದಿಂದ ಗಸ್ತು ಶುರುವಾಯಿತು. ಮೂರನೇ ತೂಬಿನ ಬಳಿ ಗುಮಾಸ್ತ ಇಳಿಯುತ್ತಾನೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಕೊಳವೆಗೆ ಕಾಲು ತಾಗದಂತೆ ದೊಡ್ಡ ಹೆಜ್ಜೆ ಇಟ್ಟು ದಾಟುತ್ತಾನೆ. ಅದು ಕಷ್ಟವಲ್ಲ, ಅಭ್ಯಾಸವಾಗುತ್ತದೆ.

ಕಷ್ಟ ಬಂದದ್ದು ಮುಂದಿನ ಭಾನುವಾರ. ಒಂದೇ ಜಾಗದಲ್ಲಿ ಎಂಟು ಹಾಕುತ್ತ ನೂರ ತೊಂಬತ್ತನಾಲ್ಕು ಸಲ ದಾಟಿದ ಸುದ್ದಿಯನ್ನು ಮೇಷ್ಟ್ರು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ತಮ್ಮ ಹಳೆಯ ಶಿಷ್ಯರನ್ನೆಲ್ಲ ಎಬ್ಬಿಸಿ, ತುಕ್ಕು ಹಿಡಿದ ಸೈಕಲ್ಲುಗಳನ್ನೆಲ್ಲ ಅಟ್ಟದಿಂದ ಇಳಿಸಿ ಕರೆತಂದರು. ಗಂಟೆ ಬಾರಿಸುತ್ತ, ನಗುತ್ತ, ಜಲ್ಲಿ ಅಗಿಯುತ್ತ, ಸಮುದ್ರದ ಗಾಳಿಗೆ ಕೂಗಾಡುತ್ತ ಅವರು ಬಂದರು. ತಂಡೋಪತಂಡವಾಗಿ.

ಗುಮಾಸ್ತ ಎರಡೂ ಕೈ ಚಾಚಿ ಕೊಳವೆಯ ಮುಂದೆ ನಿಂತ. “ಇಳೀರಿ! ದಯವಿಟ್ಟು ಇಳೀರಿ! ಎತ್ಕೊಂಡು ದಾಟಿ!”

“ಏನ್ರೀ ಇದು?” ಎಂದರು ಮೇಷ್ಟ್ರು. “ಬನ್ನಿ ಅಂತ ಬರೆದೋರೂ ನೀವೇ, ಬಂದ್ರೆ ಅಡ್ಡ ನಿಲ್ಲೋರೂ ನೀವೇನಾ?”

ಗೊಣಗುತ್ತ ಒಬ್ಬೊಬ್ಬರಾಗಿ ಇಳಿದರು. ಸೈಕಲ್ಲುಗಳು ಹೆಗಲೇರಿದವು. ಮೂವತ್ತು ಜನ ದಾಟಿದರು, ಒಂದು ಟಿಕ್ ಇಲ್ಲ. ಗುಮಾಸ್ತ ಉಸಿರು ಬಿಟ್ಟ.

ಎಲ್ಲರಿಗಿಂತ ಹಿಂದೆ, ಎತ್ತರದ ಸೀಟಿನ ಮೇಲೆ, ಬಾತಿನಕ್ಕ ಬರುತ್ತಿದ್ದಳು. ಅವಳ ಕಾಲು ನೆಲಕ್ಕೆ ಎಟುಕುವಂತಿರಲಿಲ್ಲ.

“ಗುಮಾಸ್ತಣ್ಣ, ಪಕ್ಕಕ್ಕೆ! ನಿಲ್ಲಿಸೋಕಾಗಲ್ಲ!”

ಅವನು ಚಾಚಿದ ಕೈಗಳನ್ನು ನೋಡಿಕೊಂಡ. ಆಮೇಲೆ ಇಳಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಟಿಕ್.

ಒಂದು ಕಾರು ಹೋಯಿತು.